ಕವಡೆ ಹಾಕಿ ಆಡುವ ವೇಷದಾಟ: ತೋಟದ ಕೂಲಿ ಮನೆಗಳ ಮಕ್ಕಳ ಜೊತೆ ನಾಲ್ಕು ತಿಂಗಳು

ಕಾನುಹಾದಿ, ಸಾಗರ ತಾಲ್ಲೂಕು
ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಪುರುಸೊತ್ತಾದಾಗ ಓದಿ, ತಪ್ಪಿದ್ದರೆ ತಿದ್ದಿ.

ನಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಊರ ಗ್ರಂಥಾಲಯದಲ್ಲಿ, ಶನಿವಾರ ಮಧ್ಯಾಹ್ನ ಹನ್ನೆರಡು ಹದಿಮೂರು ಮಕ್ಕಳು ಸೇರುತ್ತಾರೆ. 11ರಿಂದ 15 ವರ್ಷದವರು. ಹೆಚ್ಚಿನವರು ತೋಟದ ಕೆಲಸಕ್ಕೆ ಬಂದು ಇಲ್ಲೇ ಉಳಿದ ಮನೆಗಳವರು. ಅಡಿಕೆ ಸುಲಿತ ಶುರುವಾದರೆ ರಾತ್ರಿ ಹನ್ನೊಂದರ ತನಕ ಅಪ್ಪ ಅಮ್ಮನ ಪಕ್ಕ ಮೆಟ್ಟುಗತ್ತಿ ಮುಂದೆ ಕೂತಿರುತ್ತಾರೆ. ಮಾರನೆ ದಿನ ಶಾಲೆಯಲ್ಲಿ ತೂಕಡಿಸುತ್ತಾರೆ.

ಕಳೆದ ವರ್ಷ ಇದೇ ಮಕ್ಕಳಿಗೆ ಆರೋಗ್ಯದ ಬಗ್ಗೆ ಒಂದು ಭಾಷಣ ಮಾಡಿಸಿದ್ದೆವು. ಎಲ್ಲರೂ ಕೈಕಟ್ಟಿ ಕೂತು ಕೇಳಿದರು. ಪ್ರಶ್ನೆ ಕೇಳಿದರೆ ಪಟಪಟ ಉತ್ತರ ಹೇಳಿದರು. ಮುಗಿದ ಹತ್ತು ನಿಮಿಷಕ್ಕೆ ಇಬ್ಬರು ಹುಡುಗರು ಅಂಗಡಿ ಪಕ್ಕ ನಿಂತು ಗುಟ್ಕಾ ಪೊಟ್ಟಣ ಹರಿಯುತ್ತಿದ್ದರು. ಅವರಿಗೆ ಗೊತ್ತಿರಲಿಲ್ಲ ಅಂತ ಅಲ್ಲ. ಎಲ್ಲಾ ಗೊತ್ತಿತ್ತು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಶುರು ಮಾಡಿದ್ದು ಈ ಆಟ. ಪಟ್ಟಣದ ಹುಡುಗರು ರೋಲ್ ಪ್ಲೇಯಿಂಗ್ ಗೇಮ್ ಅಂತಾರಲ್ಲ, ಅದೇ. ನಮ್ಮ ಮಕ್ಕಳು ಇಟ್ಟ ಹೆಸರು ವೇಷದಾಟ. ಆಟ ನಡೆಸುವವರನ್ನು ಭಾಗವತರು ಅಂತ ಕರೆಯುತ್ತಾರೆ. ಒಬ್ಬೊಬ್ಬರಿಗೂ ಒಂದು ರಟ್ಟಿನ ಚೀಟಿ. ಅದರ ಮೇಲೆ ಪಾತ್ರದ ಹೆಸರು, ಕಸುಬು, ಒಂದು ಕಷ್ಟ, ಮೂರು ಬಲ. ಬಲ ಅಂದರೆ ಮೈಬಲ, ಮಾತು, ಧೈರ್ಯ. ಊರಿನ ಹೆಸರೂ ಅವರೇ ಇಟ್ಟದ್ದು, ಏಳುಹಳ್ಳ. ನಾನು ಕತೆ ಹೇಳುತ್ತಾ ಹೋಗುತ್ತೇನೆ. ಒಂದು ಕಡೆ ನಿಲ್ಲಿಸಿ ‘ಈಗ ಏನು ಮಾಡುತ್ತೀರಿ’ ಅಂತ ಕೇಳುತ್ತೇನೆ. ಆಗುತ್ತದೋ ಇಲ್ಲವೋ ಅನ್ನುವಂಥ ಕೆಲಸವಾದರೆ ನಾಲ್ಕು ಕವಡೆ ಹಾಕಬೇಕು. ಬಾಯಿ ಮೇಲಾದ ಕವಡೆ ಎಣಿಸಿ, ಅದಕ್ಕೆ ಆ ಕೆಲಸಕ್ಕೆ ಬೇಕಾದ ಬಲದ ಅಂಕ ಸೇರಿಸಿ, ಮೂರೋ ಹೆಚ್ಚೋ ಬಂದರೆ ಗೆದ್ದ ಹಾಗೆ.

ಒಂದು ದಿನದ ಆಟ ಹೇಳುತ್ತೇನೆ. ಏಳುಹಳ್ಳದ ಕಾನಿನ ಅಂಚಲ್ಲಿ ಮಂಗ ಸತ್ತು ಬಿದ್ದಿದೆ. ಬೇಟೆಗಾರನ ಪಾತ್ರದ ಹುಡುಗ ‘ಕೋಲಲ್ಲಿ ತಿವಿದು ನೋಡ್ತೀನಿ’ ಅಂದ. ನಾಟಿ ವೈದ್ಯೆಯ ಪಾತ್ರದ ಹುಡುಗಿ ಬೇಡ ಅಂದಳು. ಅವನು ಕೇಳಲಿಲ್ಲ. ಅವಳು ಮಾತಿನ ಬಲದ ಮೇಲೆ ಕವಡೆ ಹಾಕಿದಳು. ಬಾಯಿ ಮೇಲಾದದ್ದು ಒಂದೇ. ಸೋತಳು. ಅವನು ತಿವಿದ.

ನಾನು ಏನೂ ಹೇಳಲಿಲ್ಲ. ಕತೆ ಮುಂದುವರಿಸಿದೆ. ಆಟದಲ್ಲಿ ಐದು ದಿನ ಕಳೆದ ಮೇಲೆ ಬೇಟೆಗಾರನಿಗೆ ಜೋರು ಜ್ವರ, ತಲೆನೋವು. ಕೊಯ್ಲಿನ ಕಾಲ. ಮನೆಯಲ್ಲಿ ‘ಎರಡು ದಿನ ಮಲಗು, ಹೋಗ್ತದೆ’ ಅನ್ನುತ್ತಾರೆ. ಈಗ ಏನು ಮಾಡುತ್ತೀರಿ?

ಇಲ್ಲಿಂದ ನಲವತ್ತು ನಿಮಿಷ ಅವರವರೇ ಮಾತಾಡಿದರು. ಆಸ್ಪತ್ರೆಗೆ ಹೋಗಬೇಕು ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಆದರೆ ಹೇಗೆ? ಒಬ್ಬಳು ‘ಅಮ್ಮ ಕರ್ಕೊಂಡು ಹೋದ್ರೆ ಟಿಕೆಟ್ ಇಲ್ಲ’ ಅಂದಳು. ಇನ್ನೊಬ್ಬ ‘ನಮ್ಮೂರಿಗೆ ಬರೋದು ಪ್ರೈವೇಟ್ ಬಸ್ಸು ಮಾರಾಯ್ತಿ, ಅದ್ರಲ್ಲಿ ದುಡ್ಡು ಕೊಡ್ಬೇಕು’ ಅಂದ. ಅಮ್ಮ ಹೋದರೆ ಅವತ್ತಿನ ಕೂಲಿ ಹೋಯಿತು. ಮುಂಗಡ ಕೇಳಬೇಕು. ಯಾರು ಕೇಳುವುದು? ಯಾವ ಮಾತಲ್ಲಿ ಕೇಳುವುದು? ಕೊನೆಗೆ ನಾಟಿ ವೈದ್ಯೆ ಎದ್ದು ನಿಂತು ತೋಟದ ಒಡೆಯರ ಮನೆ ಬಾಗಿಲಲ್ಲಿ ನಿಂತ ಹಾಗೆ ಮಾತಾಡಿದಳು. ನಿಜವಾಗಿ ಅವಳು ತರಗತಿಯಲ್ಲಿ ಹಾಜರಿ ಕೂಗಿದರೂ ಮೆಲ್ಲಗೆ ಹೇಳುವ ಹುಡುಗಿ.

ನಮ್ಮ ಭಾಷಣದಲ್ಲಿ ‘ಜ್ವರ ಬಂದರೆ ಆಸ್ಪತ್ರೆಗೆ ಹೋಗಿ’ ಅಂತ ಒಂದು ಸಾಲು ಇತ್ತು. ಆ ಸಾಲಿನ ಒಳಗೆ ಇಷ್ಟು ಮೆಟ್ಟಿಲು ಇವೆ ಅಂತ ನನಗೇ ಗೊತ್ತಿರಲಿಲ್ಲ.

ನನಗೆ ಸಹಾಯ ಬೇಕಾಗಿರುವುದು ಪೊಟ್ಟಣದ ವಿಷಯಕ್ಕೆ. ಅದಕ್ಕೆ ಗುಟ್ಕಾ ರಾಕ್ಷಸ ಅಂತ ಒಂದು ಪಾತ್ರ ಮಾಡಿದ್ದೆ. ಸರಿ ಹೋಗಲಿಲ್ಲ. ಮಕ್ಕಳು ರಾಕ್ಷಸನನ್ನು ಹೊಡೆದು ಹಾಕಿ ಕುಣಿದರು, ಅಷ್ಟೇ. ಏನು ಮಾಡಬಹುದು ಹೇಳಿ.

ಹೊಸನಗರದ ಸಿಸ್ಟರ್
ಭಾನುವಾರ, ಬೆಳಿಗ್ಗೆ 7:05

ಕಾನುಹಾದಿಯವರೇ, ಓದಿ ಕಣ್ಣು ತುಂಬಿ ಬಂತು. ನಾನು ಮನೆ ಮನೆಗೆ ಹೋಗುವವಳು. ಬಸ್ ಚಾರ್ಜು, ಕೂಲಿ, ಮುಂಗಡ, ಇದೇ ಮಾತು ದಿನಾ ಕೇಳುತ್ತೇನೆ.

ಮಂಗನ ಕಾಯಿಲೆ ಬಗ್ಗೆ ಒಂದು ತಿದ್ದುಪಡಿ. ಮಂಗನನ್ನು ತಿವಿಯಲೇ ಬೇಕಂತಿಲ್ಲ. ಕಾಯಿಲೆ ಬರುವುದು ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣೆಯಿಂದ. ಮಂಗ ಸತ್ತ ಮೇಲೆ ಮೈಮೇಲಿದ್ದ ಉಣುಗು ಇಳಿದು ಸುತ್ತಲ ನೆಲಕ್ಕೆ ಹರಡುತ್ತದೆ. ಹತ್ತಿರ ಹೋದರೆ ಸಾಕು, ಹತ್ತಿಕೊಳ್ಳುತ್ತದೆ. ಸತ್ತ ಮಂಗ ಕಣ್ಣಿಗೇ ಬೀಳದೆ, ದರಗು (ಒಣಗಿದ ಎಲೆ) ಗುಡಿಸಲು ಹೋಗಿ ಕಾಯಿಲೆ ತಂದುಕೊಂಡವರೂ ಇದ್ದಾರೆ. ದನದ ಮೈಮೇಲೂ ಉಣುಗು ಮನೆವರೆಗೆ ಬರುತ್ತದೆ. ಆದ್ದರಿಂದ ಆಟದಲ್ಲಿ ಕಾನಿಗೆ ಹೋಗುವ ಮೊದಲೇ ಒಂದು ಪ್ರಶ್ನೆ ಇಡಿ. ಕೈಕಾಲಿಗೆ ಉಣುಗು ಹತ್ತದ ಹಾಗೆ ಡೇಪಾ ಎಣ್ಣೆ ಹಚ್ಚಿದ್ದೀರಾ, ಮೈತುಂಬ ಬಟ್ಟೆ ಇದೆಯಾ? ಬಂದ ಮೇಲೆ ಇನ್ನೊಂದು. ಬಿಸಿನೀರು, ಸೋಪು ಹಾಕಿ ಸ್ನಾನ ಆಯಿತಾ, ಬಟ್ಟೆ ಬಿಸಿನೀರಿಗೆ ಹಾಕಿದಿರಾ? ಸತ್ತ ಮಂಗ ಕಂಡರೆ ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಿಳಿಸುವುದು ಕೂಡ ಒಂದು ಕೆಲಸ. ಅದಕ್ಕೆ ಕವಡೆ ಬೇಡ, ಹೇಳಿದರೆ ಆಯಿತು.

ಇದು ನಮ್ಮ ಜಿಲ್ಲೆಯದೇ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಿಸಿದ್ದು. ಜಗತ್ತಿನ ಪುಸ್ತಕಗಳಲ್ಲಿ ಅದೇ ಹೆಸರಲ್ಲಿದೆ. 2019ರ ಆರಂಭದಲ್ಲಿ ನಿಮ್ಮ ತಾಲ್ಲೂಕಿನ ಅರಳಗೋಡು ಕಡೆ ಎಷ್ಟು ಕಷ್ಟ ಆಯಿತು ಅಂತ ನಿಮ್ಮ ಮಕ್ಕಳ ಮನೆಯವರಿಗೆ ನೆನಪಿರುತ್ತದೆ. ಇದನ್ನೇ ನೇರವಾಗಿ ವಾಸಿ ಮಾಡುವ ಔಷಧಿ ಇಲ್ಲ. ಬೇಗ ದಾಖಲಾದರೆ ಆರೈಕೆ ಮಾಡಿ ಉಳಿಸಿಕೊಳ್ಳುತ್ತೇವೆ. ಅದಕ್ಕೇ ಆ ‘ಎರಡು ದಿನ ಮಲಗು’ ಅನ್ನುವ ಮಾತು ಅಪಾಯ.

ಇನ್ನೊಂದು ಬೇಡಿಕೆ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯನ್ನೂ ಆಟಕ್ಕೆ ತನ್ನಿ. ಅದು ಕಬ್ಬಿಣಾಂಶದ ಮಾತ್ರೆ, 10ರಿಂದ 19 ವರ್ಷದವರಿಗೆ. ಎಷ್ಟೋ ಹೆಣ್ಣುಮಕ್ಕಳು ಕಿಟಕಿಯಿಂದ ಆಚೆ ಎಸೆಯುತ್ತಾರೆ. ಮಲ ಕಪ್ಪಾಯಿತು ಅಂತ ಹೆದರುತ್ತಾರೆ, ಯಾರನ್ನೂ ಕೇಳುವುದಿಲ್ಲ. ಕಪ್ಪಾಗುವುದು ಸಹಜ. ಊಟ ಆದ ಮೇಲೆ ತೆಗೆದುಕೊಂಡರೆ ಹೊಟ್ಟೆ ತೊಳಸುವುದು ಕಡಿಮೆ. ಜೊತೆಗೆ ಚಹಾ ಬೇಡ, ನೆಲ್ಲಿಕಾಯಿ ಚೂರು ಒಳ್ಳೆಯದು. ಈ ‘ಯಾರನ್ನು ಕೇಳುವುದು’ ಅನ್ನುವುದನ್ನೇ ಆಡಿಸಿ.

ತೋಟದಮನೆ, ತೀರ್ಥಹಳ್ಳಿ
ಭಾನುವಾರ, ಬೆಳಿಗ್ಗೆ 10:22

ನಾನು ಅಡಿಕೆ ಬೆಳೆಗಾರ. ನಿಮ್ಮ ಕೆಲಸ ಒಳ್ಳೆಯದು. ಆದರೆ ಪೊಟ್ಟಣದ ಮಾತು ಬಂದಾಗೆಲ್ಲ ಕೊನೆಗೆ ಅಡಿಕೆಯೇ ವಿಷ ಅನ್ನುವಲ್ಲಿಗೆ ಹೋಗಿ ನಿಲ್ಲುತ್ತದೆ. ಆ ಮಕ್ಕಳ ಅಪ್ಪ ಅಮ್ಮನ ಅನ್ನ ಇರುವುದೂ ಅಡಿಕೆಯಲ್ಲೇ. ‘ನಿನ್ನ ಅಮ್ಮ ಸುಲಿಯುವುದು ವಿಷ’ ಅಂತ ಮಗುವಿಗೆ ಹೇಳಿ ಕಳಿಸಿದರೆ ಅದು ಮನೆಯಲ್ಲಿ ಏನು ಮಾತಾಡಬೇಕು? ನಮ್ಮ ಅಜ್ಜ ಊಟ ಆದ ಮೇಲೆ ಎಲೆಯಡಿಕೆ ಹಾಕುತ್ತಿದ್ದರು. ತಂಬಾಕು ಬೆರೆಸಿದ್ದು, ಬಣ್ಣದ ಪೊಟ್ಟಣಕ್ಕೆ ತುಂಬಿ ಶಾಲೆ ಮುಂದೆ ಮಾರುವುದು ಬೇರೆ. ಎರಡನ್ನೂ ಒಂದೇ ಮಾಡಬೇಡಿ.

ಹೊಸನಗರದ ಸಿಸ್ಟರ್
ಭಾನುವಾರ, ಮಧ್ಯಾಹ್ನ 1:15

ಅಣ್ಣಾ, ನಮ್ಮ ಮನೆಯಲ್ಲೂ ಎರಡು ಎಕರೆ ತೋಟ ಇದೆ. ನಿಮ್ಮ ನೋವು ಗೊತ್ತು. ಆದರೂ ಮುಚ್ಚಿಡಲು ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲಿ, ತಂಬಾಕು ಸೇರಿಸದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ಪ್ರಕಟಿಸಿದೆ. ಚಿಕ್ಕ ವಯಸ್ಸಿಂದ ಅಗಿದವರ ಕೆನ್ನೆಯ ಒಳಗಿನ ಪದರ ಬಿಗಿಯುತ್ತಾ ಬರುತ್ತದೆ, ಬಾಯಿ ತೆರೆಯಲು ಆಗುವುದಿಲ್ಲ. ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹೋಗುತ್ತದಾ ಅಂತ ನಾವು ನೋಡುತ್ತೇವೆ. ಕಾಲೇಜಿನ ಹುಡುಗನಿಗೆ ಎರಡೇ ಬೆರಳು ಹೋದದ್ದನ್ನು ಕಂಡಿದ್ದೇನೆ.

ಆದರೆ ನೀವು ಹೇಳಿದ ಒಂದು ಮಾತು ಪೂರ್ತಿ ಸರಿ. ಮಗುವಿನ ಮನೆಯ ಅನ್ನವನ್ನು ಬೈದು ಮಗುವಿಗೆ ಏನೂ ಕಲಿಸಲು ಆಗುವುದಿಲ್ಲ. ‘ಬೆಳೆಯುವುದು ಬೇರೆ, ನನ್ನ ಬಾಯಿಗೆ ಹಾಕುವುದು ಬೇರೆ’ ಅಂತ ಆಟದಲ್ಲಿ ಮಕ್ಕಳೇ ಹೇಳಿಕೊಳ್ಳಲಿ. ಕಾನೂನು ಕೂಡ ನಮ್ಮ ಪರ ಇದೆ. 2003ರ ತಂಬಾಕು ಕಾಯ್ದೆಗೆ ಕರ್ನಾಟಕದಲ್ಲಿ 2025ರಲ್ಲಿ ಜಾರಿಗೆ ಬಂದ ತಿದ್ದುಪಡಿ ಪ್ರಕಾರ 21 ವರ್ಷದೊಳಗಿನವರಿಗೆ ಮಾರುವಂತಿಲ್ಲ, ಶಾಲೆಯ 100 ಮೀಟರ್ ಒಳಗೂ ಮಾರುವಂತಿಲ್ಲ. ಕರ್ನಾಟಕದಲ್ಲಿ ಗುಟ್ಕಾ 2013ರಿಂದ ನಿಷೇಧ. ಅದಕ್ಕೇ ಈಗ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಒಂದು ಪೊಟ್ಟಣ ಅಂತ ಬೇರೆ ಬೇರೆ ಮಾರುತ್ತಾರೆ, ಹುಡುಗರು ಕೈಯಲ್ಲಿ ಬೆರೆಸಿಕೊಳ್ಳುತ್ತಾರೆ.

ಇಪ್ಪತ್ತು ಮುಖ, ಭದ್ರಾವತಿಯವ, ಈಗ ಬೆಂಗಳೂರು
ಭಾನುವಾರ, ಸಂಜೆ 6:48

ಇಂಥ ಆಟ ಏಳು ವರ್ಷದಿಂದ ಆಡುತ್ತಿದ್ದೇನೆ. ಊರಲ್ಲಿ ಯಾರಿಗಾದರೂ ವಿವರಿಸಲು ಹೋದರೆ ಅರ್ಥವಾಗುತ್ತಿರಲಿಲ್ಲ. ಕವಡೆ ಮತ್ತು ಭಾಗವತರು ಅನ್ನುವ ಎರಡೇ ಮಾತಲ್ಲಿ ನೀವು ಹೇಳಿಬಿಟ್ಟಿರಿ! ಈ ಬಗೆಯ ಆಟ ಪುಸ್ತಕವಾಗಿ ಮೊದಲು ಬಂದದ್ದು 1974ರಲ್ಲಿ, ಅಮೆರಿಕದಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಮಾಡಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅದರಲ್ಲಿ ಇಪ್ಪತ್ತು ಮುಖದ ದಾಳ ಹಾಕಿ ಆಡುತ್ತಾರೆ.

ಆರೋಗ್ಯಕ್ಕೆ ಬಳಸಿದ ಒಂದು ದೊಡ್ಡ ಪ್ರಯತ್ನ ಹೇಳುತ್ತೇನೆ. ಯೇಲ್ ವಿಶ್ವವಿದ್ಯಾಲಯದವರು ನ್ಯೂ ಹೇವನ್ ಊರಿನ ಮಕ್ಕಳಿಗೆ ಪ್ಲೇಫಾರ್ವರ್ಡ್ ಅನ್ನುವ ಆಟ ಮಾಡಿದರು. ಐಪ್ಯಾಡಿನಲ್ಲಿ ಆಡುವುದು. ಮಗು ತನ್ನದೊಂದು ಪಾತ್ರ ಮಾಡಿಕೊಂಡು, ಗೆಳೆಯರ ಒತ್ತಡ, ಕುಡಿತ, ಲೈಂಗಿಕ ವಿಷಯ ಎಲ್ಲದರಲ್ಲೂ ತೀರ್ಮಾನ ಮಾಡುತ್ತಾ ಹೋಗಬೇಕು. 11ರಿಂದ 14 ವರ್ಷದ 333 ಮಕ್ಕಳ ಮೇಲೆ ಪರೀಕ್ಷೆ ಮಾಡಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ತಿಳಿವಳಿಕೆ ಹೆಚ್ಚಾಗಿತ್ತು, ಮನೋಭಾವವೂ ಸುಧಾರಿಸಿತ್ತು. ಆದರೆ ಒಂದು ವರ್ಷದಲ್ಲಿ ಎಷ್ಟು ಮಕ್ಕಳು ಲೈಂಗಿಕ ಸಂಪರ್ಕ ಶುರು ಮಾಡಿದರು ಅನ್ನುವುದರಲ್ಲಿ ಆಟ ಆಡಿದವರಿಗೂ ಆಡದವರಿಗೂ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಹೇಳುತ್ತಿರುವುದು ಎದೆಗುಂದಿಸಲು ಅಲ್ಲ. ನಿಮ್ಮ ಭಾಷಣದ ಕತೆಯೂ ಇದೇ ಅಲ್ವಾ? ತಿಳಿಯುವುದು ಒಂದು, ಮಾಡುವುದು ಇನ್ನೊಂದು. ನಿಮ್ಮ ಆಟದಲ್ಲಿ ಆ ಹುಡುಗಿ ಎದ್ದು ನಿಂತು ಬಾಯಿಬಿಟ್ಟು ಮಾತಾಡಿದಳಲ್ಲ, ಪರದೆ ಮೇಲೆ ಬೆರಳಿಟ್ಟು ಆರಿಸುವುದರಲ್ಲಿ ಅದು ಸಿಗುವುದಿಲ್ಲ. ಆ ಭಾಗವನ್ನೇ ಬೆಳೆಸಿ.

ಒಂದು ಸಲಹೆ. ನಾವು ಆಡುವಾಗ ನಡುವೆ ಒಂದು ಚೀಟಿ ಇಡುತ್ತೇವೆ, ಅದರ ಮೇಲೆ ದೊಡ್ಡ ಕಾಟು ಗುರುತು. ಕತೆ ಯಾರಿಗಾದರೂ ತಡೆಯಲು ಆಗದ ಕಡೆ ಹೋದರೆ ಸುಮ್ನೆ ಆ ಚೀಟಿ ಮುಟ್ಟಬೇಕು. ಯಾಕೆ ಅಂತ ಯಾರೂ ಕೇಳುವಂತಿಲ್ಲ. ಭಾಗವತರು ಕತೆಯನ್ನು ಬೇರೆ ಕಡೆ ತಿರುಗಿಸಬೇಕು. ದಯವಿಟ್ಟು ಇದನ್ನು ಬಿಡಬೇಡಿ.

ಮುಮ್ಮೇಳ, ಹೊಸನಗರ
ಭಾನುವಾರ, ರಾತ್ರಿ 10:30

ನಾನು ಯಕ್ಷಗಾನ ತಾಳಮದ್ದಳೆಯಲ್ಲಿ ಅರ್ಥ ಹೇಳುವವನು, ಅಂದರೆ ಪಾತ್ರದ ಮಾತು ಆಡುವವನು. ನಿಮ್ಮ ಆಟ ಓದಿದಾಗ ಮನೆಯದೇ ವಿಷಯ ಅನ್ನಿಸಿತು. ವೇಷ ಇಲ್ಲ, ಕುಣಿತ ಇಲ್ಲ. ಮಳೆಗಾಲದಲ್ಲಿ ಚಾವಡಿಯಲ್ಲಿ ಕೂತು, ಭಾಗವತರು ಪದ ಹೇಳಿದ ಮೇಲೆ, ಕರ್ಣನೋ ಕೃಷ್ಣನೋ ಆಗಿ ಅಲ್ಲೇ ಹುಟ್ಟಿದ ಮಾತು ಆಡುವುದು. ಬರೆದಿಟ್ಟ ಸಂಭಾಷಣೆ ಇಲ್ಲ. ಕತೆ ಎಲ್ಲಿಗೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು, ಆದರೂ ಜನ ಬೆಳಗಿನ ತನಕ ಕೂರುತ್ತಾರೆ. ಯಾಕೆ? ಎದುರಿನವನ ಮಾತಿಗೆ ಇವನು ಏನು ಉತ್ತರ ಕೊಡುತ್ತಾನೆ ಅಂತ ನೋಡಲು.

ನಿಮ್ಮ ರಾಕ್ಷಸ ಸೋತದ್ದು ಅದಕ್ಕೇ. ಅವನಿಗೆ ಮಾತೇ ಇರಲಿಲ್ಲ. ಎದುರು ಅರ್ಥಧಾರಿ ಗಟ್ಟಿ ಇದ್ದರೆ ಮಾತ್ರ ಪ್ರಸಂಗ ಏರುತ್ತದೆ. ನಮ್ಮಲ್ಲಿ ಕೌರವನ ಅರ್ಥವನ್ನು ಸಣ್ಣ ಕಲಾವಿದರಿಗೆ ಕೊಡುವುದಿಲ್ಲ. ಅವನ ಮಾತು ಕೇಳಿ ಸಭೆ ಒಂದು ಗಳಿಗೆ ‘ಹೌದಲ್ಲ’ ಅನ್ನಬೇಕು. ಆಮೇಲೆ ಕೃಷ್ಣ ಮಾತಾಡಿದರೆ ಬೆಲೆ.

ನಿಜವಾಗಿ ಪೊಟ್ಟಣ ಕೊಡುವವರು ಯಾರು? ರಾಕ್ಷಸ ಅಲ್ಲ. ಇಷ್ಟದ ಅಣ್ಣ. ಸೈಕಲ್ ಕಲಿಸಿದವನು, ಜಾತ್ರೆಯಲ್ಲಿ ಐಸ್ ಕ್ರೀಮ್ ಕೊಡಿಸಿದವನು. ಅವನಿಗೆ ಬೇಡ ಅನ್ನುವುದು ಕಷ್ಟ. ಪಾತ್ರ ಆ ಅಣ್ಣನದ್ದಾಗಲಿ. ಅದನ್ನು ಯಾರಿಗೆ ಕೊಡುತ್ತೀರಿ ಗೊತ್ತಾ? ಈಗ ತಿನ್ನುತ್ತಿರುವ ಹುಡುಗನಿಗೇ ಕೊಡಿ. ನಾಚಿಕೆ ಪಡಿಸಲು ಅಲ್ಲ. ಆ ಮಾತು ಅವನಿಗೇ ಚೆನ್ನಾಗಿ ಗೊತ್ತಿರುವುದರಿಂದ. ಮತ್ತೆ, ಭಾಗವತರು ನಡುವೆ ಬಾಯಿ ಹಾಕಿ ನೀತಿ ಹೇಳಬಾರದು.

ಗಣಿತದ ಮೇಷ್ಟ್ರು, ಶಿಕಾರಿಪುರ
ಸೋಮವಾರ, ಬೆಳಿಗ್ಗೆ 6:20

ಕವಡೆ ಲೆಕ್ಕದ ಬಗ್ಗೆ ಒಂದೆರಡು ಮಾತು. ಇಪ್ಪತ್ತು ಮುಖದ ದಾಳದಲ್ಲಿ ಒಂದು ಬೀಳುವುದೂ ಇಪ್ಪತ್ತು ಬೀಳುವುದೂ ಅಷ್ಟೇ ಸುಲಭ. ನಾಲ್ಕು ಕವಡೆ ಹಾಗಲ್ಲ. ಬಾಯಿ, ಬೆನ್ನು ಎರಡೂ ಸಮ ಅಂದುಕೊಂಡರೆ 16 ಬಗೆಯಲ್ಲಿ ಬೀಳುತ್ತವೆ. ಒಂದೂ ಬಾಯಿ ಮೇಲಾಗದೆ ಇರುವುದು 1 ಸಲ, ಒಂದು ಮೇಲಾಗುವುದು 4 ಸಲ, ಎರಡು 6 ಸಲ, ಮೂರು 4 ಸಲ, ನಾಲ್ಕೂ 1 ಸಲ.

ನಿಮ್ಮ ನಿಯಮದಲ್ಲಿ ಮೂರು ಬಂದರೆ ಗೆಲುವು. ಬಲ ಏನೂ ಇಲ್ಲದವರಿಗೆ 16ರಲ್ಲಿ 5 ಅವಕಾಶ. ಒಂದು ಬಲ ಸೇರಿದರೆ 11. ಎರಡು ಸೇರಿದರೆ 15. ಎಷ್ಟು ದೊಡ್ಡ ಜಿಗಿತ ನೋಡಿ! ಆದ್ದರಿಂದ ಒಂದು ನಿಯಮ ಸೇರಿಸಿ. ಗೆಳೆಯನೋ ಗೆಳತಿಯೋ ಪಕ್ಕ ಬಂದು ನಿಂತರೆ ಒಂದು ಬಲ ಜಾಸ್ತಿ. ಒಬ್ಬನೇ ನಿಂತು ಅಣ್ಣನಿಗೆ ಬೇಡ ಅನ್ನುವುದಕ್ಕೂ, ಇನ್ನೊಬ್ಬಳು ಪಕ್ಕ ನಿಂತಾಗ ಅನ್ನುವುದಕ್ಕೂ ಇರುವ ವ್ಯತ್ಯಾಸ ಮಕ್ಕಳ ಕೈಗೇ ಗೊತ್ತಾಗುತ್ತದೆ.

ನಿಜವಾದ ಕವಡೆ ಸಮವಾಗಿ ಬೀಳುವುದಿಲ್ಲ. ಮಕ್ಕಳಿಂದ ಒಂದೊಂದನ್ನೂ ನೂರು ಸಲ ಹಾಕಿಸಿ ಬರೆಸಿ. ಒಳ್ಳೆ ಪಾಠ ಅದು.

ತುಂಗೆ ದಡದ ಅಮ್ಮ, ಶಿವಮೊಗ್ಗ
ಸೋಮವಾರ, ರಾತ್ರಿ 9:10

ನಾನು ಮನೆಗೆಲಸ ಮಾಡಿ ಮಗಳನ್ನು ಓದಿಸುವವಳು. ನಮ್ಮ ಬಡಾವಣೆಯಲ್ಲೂ ಒಬ್ಬರು ಮಕ್ಕಳಿಗೆ ನಾಟಕದ ಹಾಗೆ ಏನೋ ಮಾಡಿಸುತ್ತಿದ್ದರು. ಒಂದು ದಿನ ಪಕ್ಕದ ಮನೆ ಹುಡುಗಿ ಪಾತ್ರದ ನೆಪದಲ್ಲಿ ಅವಳ ಅಪ್ಪ ಕುಡಿದು ಹೊಡೆಯುವುದನ್ನೆಲ್ಲ ಹೇಳಿಬಿಟ್ಟಳು. ಸಂಜೆಯೊಳಗೆ ಕೇರಿಗೆಲ್ಲ ಗೊತ್ತಾಯಿತು. ಆ ಮಗು ಮತ್ತೆ ಹೊರಗೆ ಬರಲಿಲ್ಲ. ವೇಷ ಹಾಕಿದಾಗ ಮಕ್ಕಳು ನಿಜ ಹೇಳುತ್ತಾರೆ. ಹೇಳಿದ ಮೇಲೆ ನೀವು ಏನು ಮಾಡುತ್ತೀರಿ? ಅದನ್ನು ಮೊದಲು ಹೇಳಿ.

ಹೊಸನಗರದ ಸಿಸ್ಟರ್
ಸೋಮವಾರ, ರಾತ್ರಿ 9:55

ಅಕ್ಕಾ, ನೀವು ಕೇಳಿದ್ದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಆಟ ನಡೆಸುವವರು ಮೊದಲ ದಿನವೇ ಮಕ್ಕಳಿಗೆ ಹೇಳಬೇಕು: ಇಲ್ಲಿ ಆಡಿದ ಮಾತು ಇಲ್ಲೇ ಉಳಿಯುತ್ತದೆ, ಆದರೆ ಯಾರಿಗಾದರೂ ಅಪಾಯ ಇದೆ ಅಂತ ಅನ್ನಿಸಿದರೆ ನಾನು ಸಹಾಯ ಕೇಳುತ್ತೇನೆ. ಆಟದ ಮಧ್ಯೆ ಅಂಥ ಮಾತು ಬಂದರೆ ಕೆದಕಬಾರದು. ಕತೆ ತಿರುಗಿಸಿ, ಆಮೇಲೆ ಮಗುವಿನ ಜೊತೆ ಮೆಲ್ಲಗೆ ಮಾತಾಡಬೇಕು. ಮಕ್ಕಳ ಸಹಾಯವಾಣಿ 1098, ಯಾವ ಹೊತ್ತಲ್ಲೂ ಕರೆ ಮಾಡಬಹುದು. ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ಎರಡೂ ಉಚಿತ. ಗೋಡೆ ಮೇಲೆ ದೊಡ್ಡದಾಗಿ ಬರೆದಿಡಿ. ದೊಡ್ಡವರು ಇಬ್ಬರಾದರೂ ಇರಲಿ, ಒಬ್ಬರು ಹೆಂಗಸಾಗಿರಲಿ.

ಕಾನುಹಾದಿ, ಸಾಗರ ತಾಲ್ಲೂಕು
ಶನಿವಾರ, ರಾತ್ರಿ 8:30

ಎಲ್ಲರ ಮಾತನ್ನೂ ಒಂದು ನೋಟ್ ಪುಸ್ತಕಕ್ಕೆ ಬರೆದುಕೊಂಡು ಇವತ್ತಿನ ಆಟ ಮಾಡಿದೆ. ಅಕ್ಕ ಕೇಳಿದ್ದಕ್ಕೆ ಮೊದಲು ಉತ್ತರ. ಎರಡೂ ನಂಬರು ಬಾಗಿಲ ಪಕ್ಕ ಬರೆಸಿದ್ದೇನೆ, ಕಾಟು ಚೀಟಿ ನಡುವೆ ಇಟ್ಟಿದ್ದೇನೆ. ಅಂಗನವಾಡಿ ಟೀಚರು ಇನ್ನು ಪ್ರತಿ ಶನಿವಾರ ಜೊತೆಗಿರಲು ಒಪ್ಪಿದ್ದಾರೆ. ಚೀಟಿಯನ್ನು ಇವತ್ತು ಒಬ್ಬಳು ಒಂದು ಸಲ ಮುಟ್ಟಿದಳು. ಯಾಕೆ ಅಂತ ಕೇಳಲಿಲ್ಲ, ಕತೆ ಬದಲಿಸಿದೆ.

ಅಣ್ಣನ ಪಾತ್ರವನ್ನು ಪೊಟ್ಟಣ ತಿನ್ನುವ ಹುಡುಗನಿಗೆ ಕೊಟ್ಟೆ. ಅವನಿಗೆ 15 ವರ್ಷ. ಮೊದಲು ಬೇಡ ಅಂದ, ಆಮೇಲೆ ಕೂತ. ಎದುರು ಮೂವರು ತಮ್ಮಂದಿರು. ಅವನು ‘ಗಂಡಸಾಗೋ’ ಅಂತೆಲ್ಲ ಹೇಳುತ್ತಾನೆ ಅಂದುಕೊಂಡಿದ್ದೆ. ಅದ್ಯಾವುದೂ ಹೇಳಲಿಲ್ಲ. ತಮ್ಮನ ಹೆಗಲ ಮೇಲೆ ಕೈ ಹಾಕಿ ಹೇಳಿದ್ದು ಇಷ್ಟು: ‘ಇದೊಂದು ಹಾಕ್ಕೋ. ಹಸಿವು ಗೊತ್ತಾಗಲ್ಲ. ಮಧ್ಯಾಹ್ನದ ತನಕ ಮೂಟೆ ಹೊರಬಹುದು.’

ಯಾರಿಗೂ ಉತ್ತರ ಹೊಳೆಯಲಿಲ್ಲ. ಮುಮ್ಮೇಳದವರೇ, ನೀವು ಹೇಳಿದ ಹಾಗೇ ಆಯಿತು, ನಾವೆಲ್ಲ ಒಂದು ಗಳಿಗೆ ‘ಹೌದಲ್ಲ’ ಅಂದುಕೊಂಡೆವು. ತಮ್ಮನ ಪಾತ್ರದವನು ಕವಡೆ ಕೈಯಲ್ಲಿ ಹಿಡಿದು ಕೂತೇ ಇದ್ದ. ಆಮೇಲೆ ಆ ನಾಟಿ ವೈದ್ಯೆ ಹುಡುಗಿ, ಅವಳ ಸರದಿ ಅಲ್ಲದಿದ್ದರೂ, ‘ಅಣ್ಣಾ, ನೀನು ಬೆಳಿಗ್ಗೆ ಏನು ತಿಂದು ಹೋಗ್ತೀಯ?’ ಅಂತ ಕೇಳಿದಳು.

ಅವನು ಪಾತ್ರದಲ್ಲಿದ್ದುಕೊಂಡೇ ‘ಚಾ’ ಅಂದ.

ಕವಡೆ ಹಾಕಲೇ ಇಲ್ಲ. ಉಳಿದ ಹೊತ್ತೆಲ್ಲ ಏಳುಹಳ್ಳದಲ್ಲಿ ಬೆಳಿಗ್ಗೆ ಆರು ಗಂಟೆಗೆ ಯಾರ ಮನೆಯಲ್ಲಿ ಏನು ಬೇಯುತ್ತದೆ ಅನ್ನುವುದರ ಮೇಲೇ ಆಟ ನಡೆಯಿತು. ರಾತ್ರಿಯ ಅನ್ನ ನೀರಲ್ಲಿ ನೆನೆಸಿಟ್ಟರೆ ಆಗುತ್ತದೆ ಅಂತ ಒಬ್ಬ. ರಾಗಿ ಗಂಜಿ ಬೇಗ ಅಂತ ಒಬ್ಬಳು. ಅಷ್ಟು ಹೊತ್ತಿಗೆ ಅಮ್ಮ ಕೊಟ್ಟಿಗೆಯಲ್ಲಿ ಇರುತ್ತಾಳೆ, ಒಲೆ ಹಚ್ಚುವವರು ಯಾರು ಅಂತ ಇನ್ನೊಬ್ಬಳು. ಗಂಜಿ ಬೇಯಿಸಲು ತಾನೂ ಕಲಿಯಬಹುದಾ ಅಂತ ಕೇಳಿದ್ದು ಬೇಟೆಗಾರ.

ಹುಡುಗ ಹೋಗುವಾಗ ಪೊಟ್ಟಣ ಅವನ ಜೇಬಲ್ಲೇ ಇತ್ತು. ನಾನು ನೋಡಿದೆ, ಏನೂ ಹೇಳಲಿಲ್ಲ. ಮುಂದಿನ ಶನಿವಾರ ಅವನೇ ಭಾಗವತನಾಗುತ್ತೇನೆ ಅಂದಿದ್ದಾನೆ.

ಗಣಿತದ ಮೇಷ್ಟ್ರು, ಶಿಕಾರಿಪುರ
ಶನಿವಾರ, ರಾತ್ರಿ 9:02

ಬಹಳ ಒಳ್ಳೆಯ ಕೆಲಸ ಮಾಡಿದಿರಿ. ಆದರೆ 15 ವರ್ಷದ ಹುಡುಗ ಮೂಟೆ ಹೊರುತ್ತಿದ್ದಾನೆ ಅನ್ನುವುದೇ ಮೊದಲ ಪ್ರಶ್ನೆ ಅಲ್ವಾ? ಅವನ ಮನೆಗೆ ಒಮ್ಮೆ ಹೋಗಿ ಬನ್ನಿ. ಬೇಕಾದರೆ ನಾನೂ ಬರುತ್ತೇನೆ.

ಕಾನುಹಾದಿ, ಸಾಗರ ತಾಲ್ಲೂಕು
ಶನಿವಾರ, ರಾತ್ರಿ 9:15

ಹೌದು ಮೇಷ್ಟ್ರೇ. ರಜೆ ದಿನ ಅಪ್ಪನ ಜೊತೆ ಹೋಗುತ್ತಾನೆ. ನಾಳೆ ಸಂಜೆ ಅವರ ಮನೆಗೆ ಹೋಗುತ್ತಿದ್ದೇನೆ. ನೀವು ಬಂದರೆ ಧೈರ್ಯ. ಸಾಗರದಿಂದ ನಾಲ್ಕೂಕಾಲಿಗೆ ಬಸ್ಸಿದೆ.

ತೋಟದಮನೆ, ತೀರ್ಥಹಳ್ಳಿ
ಶನಿವಾರ, ರಾತ್ರಿ 11:20

ಆ ತೋಟ ನನ್ನದಲ್ಲ. ಆದರೆ ಓದಿದ ಮೇಲೆ ನಮ್ಮ ಅಂಗಳದ ನೆನಪಾಯಿತು. ಏಳಕ್ಕೆ ಕೆಲಸಕ್ಕೆ ಬರುತ್ತಾರೆ, ಚಹಾ ಕೊಡುತ್ತೇವೆ, ತಿಂಡಿ ಹತ್ತಕ್ಕೆ. ನಮ್ಮ ಅಜ್ಜನ ಕಾಲದಿಂದ ಹಾಗೇ ನಡೆದು ಬಂದಿದೆ, ಯಾಕೆ ಅಂತ ಯಾರೂ ಕೇಳಿರಲಿಲ್ಲ. ಮನೆಯವರ ಹತ್ತಿರ ಈಗಷ್ಟೇ ಮಾತಾಡಿದೆ. ಸೋಮವಾರದಿಂದ ಬಂದ ಕೂಡಲೇ ಗಂಜಿ, ಉಪ್ಪಿನಕಾಯಿ.

ಅಟ್ಟದಲ್ಲಿ ಒಂದು ಡಬ್ಬಿ ಕವಡೆ ಇದೆ, ಅಮ್ಮನದ್ದು. ಎಲ್ಲಿಗೆ ಕಳಿಸಬೇಕು ಹೇಳಿ.